ಪುಡಿಯಲ್ಲಿ ಜೀವ ಉಂಟೇ?

ಶುಂಠಿ ನಾಟಿಯ ಹೊತ್ತಿನಲ್ಲಿ ಸುಡೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಪುಡಿ ಕೇಳಿಕೊಂಡು ಗೊಬ್ಬರದಂಗಡಿಗೆ ಹೋಗುವವರು ಕಡಿಮೆ. ಮಳೆ ಹಿಡಿದು, ಎಲೆ ಹಳದಿಗೆ ತಿರುಗಿ, ಗಿಡವನ್ನು ಮೆಲ್ಲಗೆ ಎಳೆದರೆ ಕಾಂಡ ಗಡ್ಡೆಯಿಂದ ಕಳಚಿ ಕೈಗೆ ಬರತೊಡಗಿದ ಮೇಲೆ ಎಲ್ಲರಿಗೂ ಅದೇ ಬೇಕು. ಅಷ್ಟರಲ್ಲಿ ಗಡ್ಡೆ ಕೊಳೆಸುವ ಪಿಥಿಯಂ ಎಂಬ ರೋಗಾಣು ಒಳಗೆ ಕೂತಾಗಿರುತ್ತದೆ. ಕೊಳೆತ ಗಡ್ಡೆಯನ್ನು ಯಾವ ಬ್ಯಾಕ್ಟೀರಿಯಾವೂ ನೆಟ್ಟಗೆ ಮಾಡಿಕೊಡುವುದಿಲ್ಲ.

ಸುಡೋಮೊನಾಸ್‌ನ ಕಸುಬೇ ಬೇರೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಬೇರಿನ ಸುತ್ತ ಮೊದಲೇ ಜಾಗ ಹಿಡಿಯುವುದು. ಬೇರು ಒಸರುವ ಸಕ್ಕರೆಯನ್ನು ಅದೇ ಮುಗಿಸುತ್ತದೆ; ಮಣ್ಣಿನ ಕಬ್ಬಿಣವನ್ನು ಹಿಡಿದೆಳೆಯುವ ವಸ್ತುವೊಂದನ್ನು ಹೊರಬಿಟ್ಟು ರೋಗದ ಶಿಲೀಂಧ್ರವನ್ನು ಉಪವಾಸ ಕೆಡವುತ್ತದೆ. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿ ನೇರಳಾತೀತ ಬೆಳಕು ಹಿಡಿದರೆ ಹಸಿರು ಹಳದಿಯಾಗಿ ಹೊಳೆಯುವುದು ಅದೇ ವಸ್ತು. ಕೆಲವು ತಳಿಗಳು ಆಂಟಿಬಯಾಟಿಕ್ಕನ್ನೂ ತಯಾರಿಸುತ್ತವೆ.

ಇದು ಬರೀ ಅಂಗಡಿಯ ಮಾತಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದೇ ಹೊಲಕ್ಕೆ ವರ್ಷ ವರ್ಷ ಗೋಧಿಯನ್ನೇ ಬಿತ್ತಿದಲ್ಲಿ, ಬೇರು ಕೊಳೆಸುವ 'ಟೇಕ್-ಆಲ್' ರೋಗ ಮೊದಲು ವಿಪರೀತವಾಗಿ, ಆಮೇಲೆ ತಾನಾಗಿ ಇಳಿಯಿತು. ಜೇಮ್ಸ್ ಕುಕ್, ಡೇವಿಡ್ ವೆಲ್ಲರ್ ಮೊದಲಾದ ವಿಜ್ಞಾನಿಗಳು ಕಾರಣ ಹುಡುಕಿದಾಗ ಆ ಮಣ್ಣಲ್ಲಿ ತುಂಬಿಕೊಂಡಿದ್ದದ್ದು ಆಂಟಿಬಯಾಟಿಕ್ ತಯಾರಿಸುವ ಸುಡೋಮೊನಾಸ್‌ಗಳೇ. ಹಾಗೆಂದು ಶುಂಠಿಯ ಮೇಲೆ ಶುಂಠಿ ಹಾಕಲು ಹೊರಡಬೇಡಿ. ಮಲೆನಾಡಿನ ಮಳೆಯಲ್ಲಿ ಅಷ್ಟು ಕಾಯುವ ತಾಳ್ಮೆ ಗಡ್ಡೆಗಿಲ್ಲ.

ಕೊಳ್ಳುವಾಗ ನಾನು ದರಕ್ಕಿಂತ ಮೊದಲು ತಯಾರಾದ ತಾರೀಖು ನೋಡುತ್ತೇನೆ. ಬ್ಯಾಸಿಲಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬೀಜಾಣು ಕಟ್ಟಿಕೊಂಡು ಬಹುಕಾಲ ತಡೆದೀತು. ಸುಡೋಮೊನಾಸ್‌ಗೆ ಆ ಗುಣವಿಲ್ಲ. ಬಿಸಿಲು ಬೀಳುವ ಶೆಲ್ಫಿನಲ್ಲಿ ತಿಂಗಳುಗಟ್ಟಲೆ ಕೂತ ಪೊಟ್ಟಣದಲ್ಲಿ ಉಳಿಯುವುದು ಟಾಲ್ಕ್ ಪುಡಿ, ಮುಖಕ್ಕೆ ಬಳಿದುಕೊಳ್ಳಬಹುದು ಅಷ್ಟೆ. ಲೀಟರ್ ನೀರಿಗೆ 10 ಗ್ರಾಂ ಕದಡಿ, ಬಿತ್ತನೆ ಗಡ್ಡೆಯನ್ನು ಅರ್ಧ ಗಂಟೆ ಅದ್ದಿ, ನೆರಳಲ್ಲಿ ಆರಿಸಿ ನೆಡಿ. ಮಿಕ್ಕದ್ದನ್ನು ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ಹಸಿ ಗೋಣಿ ಮುಚ್ಚಿಟ್ಟು, ಆಮೇಲೆ ಮಡಿಗೆ ಹಾಕಿ. ಅದೇ ವಾರ ಅದೇ ಬುಡಕ್ಕೆ ಬೋರ್ಡೋ ದ್ರಾವಣ ಹೊಯ್ದರೆ ಅದರಲ್ಲಿನ ಮೈಲುತುತ್ತ ಈ ಬ್ಯಾಕ್ಟೀರಿಯಾಗಳನ್ನೂ ಬಿಡುವುದಿಲ್ಲ.

ಇನ್ನೊಂದು: ಗಿಡ ಹಸಿರಾಗಿಯೇ ಸೊರಗಿದರೆ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿಗೆ ಇಳಿಬಿಡಿ. ಹಾಲಿನಂಥ ಎಳೆ ಇಳಿದರೆ ಅದು ಸೊರಗು ರೋಗದ ಬ್ಯಾಕ್ಟೀರಿಯಾ ರಾಲ್ಸ್ಟೋನಿಯಾ, ಪಿಥಿಯಂ ಅಲ್ಲ. ಅದಕ್ಕೆಂದು ಕೋಳಿಕ್ಕೋಡಿನ ಸಂಬಾರ ಬೆಳೆ ಸಂಶೋಧನಾ ಸಂಸ್ಥೆಯವರು ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬೇರೆಯೇ ಬ್ಯಾಕ್ಟೀರಿಯಾವನ್ನು ಬಳಕೆಗೆ ತಂದಿದ್ದಾರೆ. ಅಂಗಡಿಯಲ್ಲಿ ಕೇಳುವಾಗ ಹೆಸರು ಬರೆದುಕೊಂಡೇ ಹೋಗಿ.