ಡಬ್ಲ್ಯುಎಪಿ-7: ಬಲಕ್ಕೆ ಎಣೆಯಿಲ್ಲ, ವೇಗಕ್ಕೆ ಸಾಲದು

ನಮ್ಮ ಕಡೆಯ ಗೌನಿಪಲ್ಲಿಗೆ ರೈಲಿಲ್ಲ. ಬೆಂಗಳೂರು–ಚೆನ್ನೈ ಮುಖ್ಯ ಮಾರ್ಗ ಹಿಡಿಯಬೇಕಾದರೆ ನಮ್ಮ ಕಡೆಯವರು ಬಂಗಾರಪೇಟೆಗೋ ಮಾಲೂರಿಗೋ ಹೋಗಬೇಕು. ಅಲ್ಲಿ ಉದ್ದನೆಯ ಎಕ್ಸ್‌ಪ್ರೆಸ್ ರೈಲುಗಳ ಮುಂದೆ ಹೆಚ್ಚಾಗಿ ಕಾಣುವ ಎಂಜಿನ್ ಡಬ್ಲ್ಯುಎಪಿ-7. 6,350 ಅಶ್ವಶಕ್ತಿಯ ಇದನ್ನು ಮೆಚ್ಚದವರಿಲ್ಲ. ನಾನೂ ಮೆಚ್ಚುತ್ತೇನೆ. ಆದರೆ ಅತಿವೇಗದ ಎಂಜಿನ್‌ಗಳ ಸಾಲಿನಲ್ಲಿ ಇದನ್ನು ನಿಲ್ಲಿಸಲು ಒಪ್ಪಲಾರೆ.

ಕಾರಣ ಅದರ ಹುಟ್ಟಿನಲ್ಲಿದೆ. ಗೂಡ್ಸ್ ಎಳೆಯುವ ಡಬ್ಲ್ಯುಎಜಿ-9ರ ಗೇರು ಅನುಪಾತ ಬದಲಿಸಿ ಚಿತ್ತರಂಜನ್ ಕಾರ್ಖಾನೆ ಇದನ್ನು ರೂಪಿಸಿತು. ಇದರ ಆರು ಮೋಟಾರುಗಳೂ ಒಂದು ಬದಿಯಲ್ಲಿ ನೇರವಾಗಿ ಚಕ್ರದ ಅಚ್ಚಿನ ಮೇಲೆ ಕೂತಿವೆ, ಇನ್ನೊಂದು ಬದಿಯಲ್ಲಿ ಚೌಕಟ್ಟಿಗೆ ತೂಗುಬಿದ್ದಿವೆ. ಹೀಗಾಗಿ ಮೋಟಾರಿನ ಸುಮಾರು ಅರ್ಧ ಭಾರಕ್ಕೆ ಸ್ಪ್ರಿಂಗಿನ ಆಸರೆಯೇ ಇಲ್ಲ. ಹಳಿ ಕವಲೊಡೆಯುವಲ್ಲಿ ಚಕ್ರ ಕುಕ್ಕಿದಾಗ ಆ ಭಾರವೂ ಸೇರಿ ಹಳಿಯನ್ನು ಬಡಿಯುತ್ತದೆ. ವೇಗ ಏರಿದಂತೆ ಏಟೂ ಬಲವಾಗುತ್ತದೆ. ರಿಪೇರಿಗೆ ಇದು ಸುಲಭದ ಜೋಡಣೆ, ನಿಜ. ಆ ಸುಲಭದ ಬೆಲೆ ತೆರುವುದು ಹಳಿ ಮತ್ತು ಅದನ್ನು ಕಾಯುವ ಗ್ಯಾಂಗ್‌ಮನ್.

1995ರಲ್ಲಿ ಎಬಿಬಿ ಕಂಪನಿಯಿಂದ ತರಿಸಿದ ಡಬ್ಲ್ಯುಎಪಿ-5 ಬೇರೆಯದೇ ಯೋಚನೆಯ ಫಲ. ಅದರಲ್ಲಿ ಮೋಟಾರು ಪೂರ್ತಿ ಚೌಕಟ್ಟಿನ ಮೇಲಿದೆ. ಅಲುಗಾಡಿದರೂ ಬಿಡದ ಜೋಡಣೆಯೊಂದು ಅದರ ತಿರುಗುಬಲವನ್ನು ಅಚ್ಚಿಗೆ ಮುಟ್ಟಿಸುತ್ತದೆ. ನಾಲ್ಕೇ ಅಚ್ಚು, 78 ಟನ್ ತೂಕ, ಗಂಟೆಗೆ 160 ಕಿ.ಮೀ. ವೇಗ. ಎಂಜಿನಿಯರಿಂಗ್ ದೃಷ್ಟಿಯಿಂದ ನನ್ನ ಮತ ಇದಕ್ಕೇ.

ಆದರೆ ಜೋಲಾರ್‌ಪೇಟೆಯಿಂದ ಕುಪ್ಪಂ ಕಡೆಗೆ ಏರುವ ದಾರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬೋಗಿ ಎಳೆಯುವಾಗ ಹಗುರವೇ ಕೊರತೆಯಾಗುತ್ತದೆ. ಹಳಿಯನ್ನು ಒತ್ತಿ ಹಿಡಿಯುವಷ್ಟು ತೂಕವಿಲ್ಲದಿದ್ದರೆ ಚಕ್ರ ಜಾರುತ್ತದೆ. ಅಲ್ಲಿ 123 ಟನ್ನಿನ ಡಬ್ಲ್ಯುಎಪಿ-7 ತನ್ನ ಯೋಗ್ಯತೆ ತೋರಿಸುತ್ತದೆ. ಜೊತೆಗೆ, ಮೇಲಿನ ತಂತಿಯ ವಿದ್ಯುತ್ತನ್ನೇ ಬೋಗಿಗಳ ದೀಪ, ಫ್ಯಾನು, ಏಸಿಗೂ ಹಂಚುತ್ತದೆ. ಹಿಂದೆ ಜನರೇಟರ್ ಬೋಗಿ ಎದುರಿಗೆ ನಿಂತರೆ ಆ ಡೀಸೆಲ್ ಅಬ್ಬರದಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಆ ಹೊಗೆ, ಆ ಸದ್ದು ತಪ್ಪಿದ್ದು ಸಣ್ಣ ಉಪಕಾರವಲ್ಲ.

ಹಾಗಾದರೆ ಬಲವೋ ವೇಗವೋ ಎಂದು ಒಂದನ್ನು ಬಿಡಲೇಬೇಕೆ? 2023ರ ಡಿಸೆಂಬರ್‌ನಲ್ಲಿ ಶುರುವಾದ, ಮಾಲ್ದಾದಿಂದ ಬೆಂಗಳೂರಿಗೆ ಬರುವ ಅಮೃತ್ ಭಾರತ್ ರೈಲು ಬೇಡವೆನ್ನುತ್ತದೆ. ಅದರ ಮುಂದೊಂದು ಹಿಂದೊಂದು ಡಬ್ಲ್ಯುಎಪಿ-5. ಒಂದು ಎಳೆದರೆ ಇನ್ನೊಂದು ತಳ್ಳುತ್ತದೆ. ಎಂಟು ಅಚ್ಚುಗಳ ಹಿಡಿತ ಸಿಕ್ಕಿತು, ಹಳಿಗೆ ಬೀಳುವ ಏಟೂ ಕಡಿಮೆಯಾಯಿತು. ಎರಡು ಎಂಜಿನ್‌ಗಳ ಖರ್ಚು ದೊಡ್ಡದೇ, ಆದರೂ ಏಸಿಯಿಲ್ಲದ ಬೋಗಿಗಳ ಸಾಮಾನ್ಯ ಪ್ರಯಾಣಿಕರಿಗೆ ಈ ಒಳ್ಳೆಯ ವಿನ್ಯಾಸ ಸಿಕ್ಕಿದ್ದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.