ಅಟ್ಟಕ್ಕೆ ಬೆಲೆ ಕಟ್ಟದ ಮಾರುಕಟ್ಟೆ

ತಿಪಟೂರಿನ ಎಪಿಎಂಸಿಯಲ್ಲಿ ವಾರಕ್ಕೆ ಎರಡು ದಿನ ಟೆಂಡರ್ ನಡೆಯುತ್ತದೆ. ಆ ದಿನ ನಿಗದಿಯಾದ ಬೆಲೆಯನ್ನು ಸಂಜೆಯೊಳಗೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು, ಅರಸೀಕೆರೆಯ ಪ್ರತಿ ತೋಟದ ಮನೆಯೂ ತಿಳಿದುಕೊಂಡಿರುತ್ತದೆ. ಉಂಡೆ ಕೊಬ್ಬರಿಯ ಮಟ್ಟಿಗೆ ಈ ಊರಿನ ದರವೇ ಸುತ್ತಲಿನ ಸೀಮೆಗೆಲ್ಲ ದರ. ಇಷ್ಟು ದೊಡ್ಡ ಮಾರುಕಟ್ಟೆ ಎರಡು ಎಕರೆ ತೆಂಗಿನ ರೈತನನ್ನು ಹೇಗೆ ನಡೆಸಿಕೊಂಡಿದೆ ಎಂದು ಕೇಳಿದರೆ ಉತ್ತರ ಅರ್ಧ ಸಮಾಧಾನದ್ದು, ಅರ್ಧ ಸಂಕಟದ್ದು. ಬೆಲೆಯನ್ನು ತಿಳಿಸುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿದೆ. ಒಳ್ಳೆಯ ಬೆಲೆ ಬರುವವರೆಗೆ ಕಾಯುವ ಶಕ್ತಿಯನ್ನು ಮಾತ್ರ ಸಣ್ಣವನಿಗೆ ಇನ್ನೂ ಕೊಟ್ಟಿಲ್ಲ.

ಕಾಯುವುದು ಈ ಕಸುಬಿನ ಜೀವಾಳ. ಎಣ್ಣೆ ಗಾಣಕ್ಕೆ ಹೋಗುವ ಕೊಬ್ಬರಿಯನ್ನು ಕಾಯಿ ಒಡೆದು ಕೆಲವು ದಿನ ಒಣಗಿಸಿದರೆ ಸಾಕು. ಉಂಡೆ ಕೊಬ್ಬರಿ ಹಾಗಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವಿಡೀ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಾಡಿಸಿದರೆ ಗಟಗಟ ಸದ್ದು ಬರಬೇಕು. ಆಮೇಲೆ ಸುಲಿಯುವುದು, ಚಿಪ್ಪು ಒಡೆಯುವುದು, ಉಂಡೆಗೆ ಪೆಟ್ಟಾಗದಂತೆ ಹೊರತೆಗೆಯುವುದು. ಇಷ್ಟು ನಾಜೂಕಿನ ಮಾಲು ದಿಲ್ಲಿ, ರಾಜಸ್ಥಾನ, ಗುಜರಾತಿನ ಕಡೆ ಹಬ್ಬಕ್ಕೆ, ಮದುವೆಗೆ, ಪೂಜೆಗೆ ಹೋಗುತ್ತದೆ. ಅಟ್ಟದ ಮೇಲಿರುವಷ್ಟು ದಿನ ಕಾಯಿ ರೈತನ ಕೈಯಲ್ಲಿರುತ್ತದೆ. ಒಡೆದು ತೆಗೆದ ಮೇಲೆ ಬಹಳ ದಿನ ಇಟ್ಟುಕೊಳ್ಳುವಂತಿಲ್ಲ, ಕೌಟಾಗುತ್ತದೆ, ತೂಕ ಇಳಿಯುತ್ತದೆ. ಆದ್ದರಿಂದ ಚೌಕಾಸಿಯ ಬಲವೆಲ್ಲ ಒಡೆಯುವ ಮುಂಚೆಯೇ. ಒಡೆದ ದಿನದಿಂದ ಆ ಬಲ ಕೊಳ್ಳುವವನ ಕಡೆಗೆ ಸರಿಯುತ್ತದೆ.

ಈ ದೀರ್ಘ ಅವಧಿಯೇ ಅಪಾಯವನ್ನೂ ತರುತ್ತದೆ. 2022ರ ಮೊದಲ ತಿಂಗಳುಗಳಲ್ಲಿ ಕ್ವಿಂಟಲ್‌ ಉಂಡೆ ಕೊಬ್ಬರಿ 17 ಸಾವಿರದ ಆಸುಪಾಸಿನಲ್ಲಿತ್ತು. ಆ ಬೆಲೆ ನೋಡಿ ಅಟ್ಟ ತುಂಬಿಸಿದವರು ಕಾಯಿ ಇಳಿಸುವ ಹೊತ್ತಿಗೆ 2023 ಬಂದಿತ್ತು, ಬೆಲೆ 8 ಸಾವಿರದ ಆಜುಬಾಜಿಗೆ ಕುಸಿದಿತ್ತು. ಕೊಯ್ಲಿನ ಕೂಲಿ, ಸುಲಿಯುವ ಕೂಲಿ, ಗೊಬ್ಬರದ ಖರ್ಚು ಯಾವುದೂ ಇಳಿದಿರಲಿಲ್ಲ. 2025ರ ಮಧ್ಯಕ್ಕೆ ಅದೇ ಕೊಬ್ಬರಿ 20 ಸಾವಿರ ದಾಟಿತು. ನಾಲ್ಕು ವರ್ಷದೊಳಗೆ ಅರ್ಧಕ್ಕಿಳಿದು ಮತ್ತೆ ಎರಡು ಪಟ್ಟಿಗಿಂತ ಮೇಲೇರಿದ ಬೆಲೆಯನ್ನು ಮೊದಲೇ ಅಂದಾಜಿಸಲು ಯಾರಿಗಾದರೂ ಕಷ್ಟ. ಬೇರೆ ವರಮಾನ ಇರುವವನು ಅದನ್ನು ಸಹಿಸಿಕೊಂಡು ನಿಲ್ಲಬಲ್ಲ. ತೆಂಗೊಂದನ್ನೇ ನಂಬಿದವನು ಕಂತು ಬಂದ ದಿನ, ಕಾಲೇಜಿನ ಫೀಸು ಕಟ್ಟುವ ದಿನ, ಆ ದಿನದ ದರಕ್ಕೆ ಮಾರಲೇಬೇಕು.

ಮಾರುಕಟ್ಟೆಯ ಸುಧಾರಣೆಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ರಾಜ್ಯ ಸರ್ಕಾರದ ಸಹಭಾಗಿತ್ವದಲ್ಲಿ 2014ರಲ್ಲಿ ಆರಂಭವಾದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಸಂಸ್ಥೆಯ ಏಕೀಕೃತ ಮಾರುಕಟ್ಟೆ ವೇದಿಕೆ ಕೊಬ್ಬರಿಗೂ ಬಂತು. ಖರೀದಿದಾರರು ಲಾಟ್ ನೋಡಿ ಕಂಪ್ಯೂಟರ್‌ನಲ್ಲಿ ದರ ನಮೂದಿಸುತ್ತಾರೆ, ಹೆಚ್ಚು ದರ ಹಾಕಿದವರ ಹೆಸರು ಘೋಷಣೆಯಾಗುತ್ತದೆ, ಒಪ್ಪಿಗೆಯಾಗದಿದ್ದರೆ ರೈತ ಬೇಡವೆನ್ನಬಹುದು. ಕಮಿಷನ್‌ ಅನ್ನು ಕೊಳ್ಳುವವನೇ ಕೊಡಬೇಕು, ರೈತನಿಂದ ಹಿಡಿಯುವಂತಿಲ್ಲ ಎಂಬುದು ನಿಯಮ. ಅಧಿಕೃತ ರಸೀದಿಯಿಲ್ಲದ ಬಿಳಿ ಚೀಟಿಯ ಲೆಕ್ಕದಲ್ಲಿ ಮುಳುಗಿಹೋದ ತಲೆಮಾರುಗಳನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ. ಆದರೆ ಬೇಡವೆನ್ನುವ ಹಕ್ಕಿದ್ದರೂ ಹಾಗೆಂದವನು ಮಾಲನ್ನು ಅಲ್ಲೇ ಬಿಟ್ಟು ಮುಂದಿನ ಟೆಂಡರ್‌ಗೆ ಕಾಯಬೇಕು, ಇಲ್ಲವೇ ಬಾಡಿಗೆ ತೆತ್ತು ವಾಪಸ್‌ ಒಯ್ಯಬೇಕು. ಐದಾರು ಚೀಲ ತಂದವನಿಗೆ ಎರಡೂ ದುಬಾರಿ. ಉತ್ತರದ ಪೇಟೆಗಳಿಗೆ ಮಾಲು ಕಳಿಸುವ ರವಾನೆದಾರರು ದೊಡ್ಡ ಮಟ್ಟದಲ್ಲಿ ಕೊಳ್ಳುತ್ತಾರೆ. ಅವರ ಬೇಡಿಕೆ ತಗ್ಗಿದ ವಾರ ಟೆಂಡರ್ ಎಷ್ಟೇ ನಿಷ್ಠೆಯಿಂದ ನಡೆದರೂ ದರ ಇಳಿಯುತ್ತದೆ.

ಅದಕ್ಕೂ ಮುಂಚೆ, ಸಣ್ಣ ರೈತರ ಕಾಯಿ ಎಷ್ಟೋ ಸಲ ತಿಪಟೂರಿನ ಗೇಟನ್ನೇ ಕಾಣುವುದಿಲ್ಲ. ಊರಿನ ವ್ಯಾಪಾರಿ ಅಟ್ಟದ ಕೆಳಗೆ ನಿಂತು ಕಾಯಿ ಅಂದಾಜು ಮಾಡಿ ಮುಂಗಡ ಕೊಡುತ್ತಾನೆ. ಅವನನ್ನು ಖಳನಾಯಕನೆಂದು ಚಿತ್ರಿಸುವುದು ಸುಲಭ, ನ್ಯಾಯವಲ್ಲ. ಆಸ್ಪತ್ರೆಗೆ ಓಡುವ ರಾತ್ರಿ ಬಾಗಿಲು ತೆರೆಯುವವನು ಅವನೇ. ಬ್ಯಾಂಕು ಪಹಣಿ ನೋಡುತ್ತದೆ, ಒಡವೆ ತೂಗುತ್ತದೆ. ಅಟ್ಟದ ಮೇಲಿನ ನಾಲ್ಕೈದು ಸಾವಿರ ಕಾಯಿ ಅದರ ಲೆಕ್ಕದಲ್ಲಿ ಆಸ್ತಿಯೇ ಅಲ್ಲ. ವ್ಯಾಪಾರಿಯ ಲೆಕ್ಕದಲ್ಲಿ ಅದು ಆಸ್ತಿ. ಈ ಒಂದು ವ್ಯತ್ಯಾಸದಿಂದಲೇ ಕಾಯಿಯ ಬೆಲೆ ಟೆಂಡರ್‌ಗೆ ಬರುವ ಮೊದಲೇ ತೀರ್ಮಾನವಾಗಿಬಿಡುತ್ತದೆ. ಮುಂಗಡ ಪಡೆದವನು ಅವನು ಹೇಳಿದ ದಿನ, ಅವನು ಹೇಳಿದ ದರಕ್ಕೆ ಕಾಯಿ ಇಳಿಸುತ್ತಾನೆ.

ಇದಕ್ಕೆ ಪರಿಹಾರವೆಂದು ಸರ್ಕಾರ ಹಿಡಿದಿರುವ ದಾರಿ ಬೆಂಬಲ ಬೆಲೆ. ಉಂಡೆ ಕೊಬ್ಬರಿಗೆ ಕೇಂದ್ರ 2023ರ ಹಂಗಾಮಿಗೆ ಕ್ವಿಂಟಲ್‌ಗೆ 11,750 ರೂಪಾಯಿ, 2024ಕ್ಕೆ 12,000, 2025ಕ್ಕೆ 12,100 ನಿಗದಿ ಮಾಡಿತು. ರಾಜ್ಯ 2023ರಲ್ಲಿ 1,250 ರೂಪಾಯಿ, 2024ರಲ್ಲಿ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. ಪೇಟೆಯಲ್ಲಿ 8 ಸಾವಿರ ಇದ್ದಾಗ ಕೇಂದ್ರದ ಪರವಾಗಿ ಖರೀದಿಸುವ ನಾಫೆಡ್ ಮೂಲಕ ಸಿಕ್ಕ ಈ ಹಣ ಎಷ್ಟೋ ಮನೆಗಳನ್ನು ಉಳಿಸಿದೆ. ಅದನ್ನು ಅಲ್ಲಗಳೆಯಲಾಗದು.

ಆದರೆ ನಡೆಸಿದ ರೀತಿ ನೋವಿನದು. 2024ರ ಆರಂಭದಲ್ಲಿ ನೋಂದಣಿಗೆ ರೈತರು ಚಳಿಯಲ್ಲಿ ಸಾಲುಗಟ್ಟಿ ನಿಂತರು. ಕೆಲವೇ ದಿನದಲ್ಲಿ ರಾಜ್ಯದ ಪಾಲಿನ 62,500 ಟನ್‌ ಪ್ರಮಾಣಕ್ಕೆ ನೋಂದಣಿ ಮುಗಿದುಹೋಯಿತು. ರೈತರಲ್ಲದವರ ಹೆಸರು ಪಟ್ಟಿಯಲ್ಲಿದೆ ಎಂಬ ದೂರು ಬಂದು, ಆ ನೋಂದಣಿಯನ್ನೇ ರದ್ದು ಮಾಡಿ ಮಾರ್ಚ್‌ನಲ್ಲಿ ಬೆರಳಚ್ಚು ಪಡೆದು ಹೊಸದಾಗಿ ನಡೆಸಬೇಕಾಯಿತು. ಆ ನಡುವಿನ ವಾರಗಳು ಯಾರಿಗೆ ಭಾರವಾದವು? ಅಟ್ಟದಲ್ಲಿ ಕಾಯಿ ಇಟ್ಟುಕೊಳ್ಳಬಲ್ಲವರು ಎರಡನೆಯ ಸರದಿಗೂ ಬಂದು ನಿಂತರು. ಕೊಬ್ಬರಿ ಒಡೆದು ಚೀಲಕ್ಕೆ ತುಂಬಿದ್ದವರಿಗೆ, ಸಾಲಗಾರರು ಬಾಗಿಲಿಗೆ ಬಂದವರಿಗೆ ಆ ಅವಕಾಶ ಇರಲಿಲ್ಲ. ಅವರು ಪೇಟೆಗೆ ಕಡಿಮೆ ದರಕ್ಕೆ ಕೊಟ್ಟ ಕೊಬ್ಬರಿ ಬೇರೊಬ್ಬರ ಹೆಸರಿನಲ್ಲಿ ಬೆಂಬಲ ಬೆಲೆಗೆ ತೂಗುವ ಸಾಧ್ಯತೆಯನ್ನು ಈ ವಿಳಂಬವೇ ಸೃಷ್ಟಿಸುತ್ತದೆ. ಬಡವನಿಗೆಂದು ರೂಪಿಸಿದ ಯೋಜನೆ ಕಾಯಬಲ್ಲವನ ಕೈಗೆ ಮೊದಲು ಸಿಕ್ಕುವುದು ಈ ವ್ಯವಸ್ಥೆಯ ದೊಡ್ಡ ದೋಷ.

2025ರ ಏರಿಕೆಯೂ ಇದೇ ಪಾಠ ಹೇಳುತ್ತದೆ. ಕಪ್ಪುತಲೆ ಹುಳು, ಬಿಳಿನೊಣ, ಕಾಂಡ ಸೋರುವ ರೋಗದಿಂದ ಇಳುವರಿ ಕುಸಿದಿತ್ತು. ಎಳನೀರಿಗೆ ಕೈಮೇಲೆ ಕಾಸು ಸಿಗುವುದರಿಂದ ಅನೇಕರು ಕಾಯಿ ಬಲಿಯುವ ಮೊದಲೇ ಕೀಳಿಸುತ್ತಿದ್ದರು. 2023ರ ಹೊಡೆತ ತಿಂದವನು ಮತ್ತೆ ವರ್ಷ ಕಾಯಲು ಹೆದರಿದ್ದರೆ ಅದು ಅವನ ತಪ್ಪಲ್ಲ. ಬೆಲೆ 20 ಸಾವಿರ ದಾಟಿದಾಗ ಅಟ್ಟ ತುಂಬಿದ್ದವರಿಗೆ ಬಂಗಾರದ ಕಾಲ, ಖಾಲಿಯಿದ್ದವರಿಗೆ ಪತ್ರಿಕೆಯಲ್ಲಿ ಓದಿದ ಸುದ್ದಿ. ಅಂಥ ಹೊತ್ತಿನಲ್ಲಿ 12,100 ರೂಪಾಯಿಯ ಬೆಂಬಲ ಬೆಲೆ ಇದ್ದೂ ಇಲ್ಲದಂತೆ.

ಎಪಿಎಂಸಿಗಳ ಅಡಮಾನ ಸಾಲದ ಯೋಜನೆ ಈ ಕೊರತೆ ತುಂಬುತ್ತದೆ ಎಂದು ವಾದಿಸಬಹುದು. ಗೋದಾಮಿನಲ್ಲಿ ಮಾಲಿಟ್ಟು ಹಣ ಪಡೆಯುವ ಆ ಕ್ರಮ ರಾಗಿಗೆ, ಭತ್ತಕ್ಕೆ ಹೊಂದುತ್ತದೆ. ಉಂಡೆ ಕೊಬ್ಬರಿ ಗೋದಾಮಿಗೆ ಬರುವಾಗ ಕಾಯುವ ಕಾಲ ಮುಗಿದೇಹೋಗಿರುತ್ತದೆ. ಸಾಲ ಬೇಕಿರುವುದು ಅದಕ್ಕೂ ಮುಂಚಿನ ಹತ್ತು ತಿಂಗಳಿಗೆ, ಅಟ್ಟದ ಮೇಲಿನ ಕಾಯಿಗೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಯಾರ ಮನೆಯ ಅಟ್ಟದಲ್ಲಿ ಎಷ್ಟು ಕಾಯಿ ಇದೆ ಎಂದು ನೋಡಿ ತಿಳಿಯುವುದು ಕಷ್ಟವೇನಲ್ಲ. ವ್ಯಾಪಾರಿ ಮಾಡುತ್ತಿರುವುದನ್ನೇ ಸಂಘ ಮಾಡಬೇಕು, ಆದರೆ ಮಾರುವ ದಿನವನ್ನು ರೈತನಿಗೇ ಬಿಡಬೇಕು. ಇಲಿ, ಹುಳು, ಕೌಟಿನ ನಷ್ಟ ಖಂಡಿತ ಇದೆ. ಕಾಯಿಯ ಅಂದಾಜು ಬೆಲೆಯಲ್ಲಿ ಅರ್ಧದಷ್ಟೇ ಸಾಲ ಕೊಟ್ಟರೂ ಹಬ್ಬದ ಬೇಡಿಕೆ ಬರುವವರೆಗೆ ಒಂದು ಕುಟುಂಬ ಉಸಿರಾಡಬಹುದು. ಬೆಂಬಲ ಬೆಲೆಯ ನೋಂದಣಿಯನ್ನು ಕೂಡ ರೈತರ ವಿವರವಿರುವ ಸರ್ಕಾರದ ಫ್ರೂಟ್ಸ್ ದಾಖಲೆಯ ಆಧಾರದಲ್ಲಿ ವರ್ಷವಿಡೀ ತೆರೆದಿಟ್ಟರೆ, ಒಂದು ವಾರದ ನೂಕುನುಗ್ಗಲೂ ಆ ನೂಕುನುಗ್ಗಲಿನಲ್ಲಿ ನುಸುಳುವ ಮೋಸವೂ ಕಡಿಮೆಯಾಗುತ್ತದೆ.

ತಿಪಟೂರಿನ ಟೆಂಡರ್ ಕೊಠಡಿಯನ್ನು ಇನ್ನಷ್ಟು ಆಧುನಿಕ ಮಾಡುವ ಮಾತು ಆಗಾಗ ಕೇಳಿಬರುತ್ತದೆ. ಆಗಲಿ. ಆದರೆ ಎರಡು ಎಕರೆಯವನಿಗೂ ಇಪ್ಪತ್ತು ಎಕರೆಯವನಿಗೂ ಇರುವ ಅಂತರ ಅಲ್ಲಿ ಹುಟ್ಟುವುದಿಲ್ಲ. ಒಬ್ಬನು ದರ ಏರುವವರೆಗೆ ಕಾಯಬಲ್ಲ, ಇನ್ನೊಬ್ಬನು ಕಾಯಲಾರ. ಇನ್ನು ಮೇಲೆ ಕೊಬ್ಬರಿಗೆ ಖರ್ಚಾಗುವ ಸಾರ್ವಜನಿಕ ಹಣದ ಮೊದಲ ಪಾಲು ಆ ಕಾಯಲಾರದವನ ಅಟ್ಟಕ್ಕೆ ಹೋಗಬೇಕು.