ಅಗೆಯದ ಮಡಿ, ಅಳೆಯದ ಗೊಬ್ಬರ

ಇಂಗ್ಲೆಂಡಿನ ಸಾಮರ್‌ಸೆಟ್‌ನ ತರಕಾರಿ ಬೆಳೆಗಾರ ಚಾರ್ಲ್ಸ್ ಡೌಡಿಂಗ್ 1980ರ ದಶಕದಿಂದಲೂ ನೆಲ ಅಗೆಯದೆ ಬೆಳೆಯುತ್ತ ಬಂದವರು. ತಮ್ಮ ಹೋಮ್‌ಏಕರ್ಸ್ ತೋಟದಲ್ಲಿ ಅವರು ಅಕ್ಕಪಕ್ಕ ಎರಡು ಮಡಿ ಮಾಡಿ, ಎರಡಕ್ಕೂ ಅಷ್ಟಷ್ಟೇ ಗೊಬ್ಬರ ಕೊಟ್ಟು, ಒಂದನ್ನು ಮಾತ್ರ ಪ್ರತಿವರ್ಷ ಅಗೆದು, ಎರಡರ ಫಸಲನ್ನೂ ತೂಗಿ ಬರೆದಿಟ್ಟಿದ್ದಾರೆ. ಹೆಚ್ಚಿನ ವರ್ಷಗಳಲ್ಲಿ ಅಗೆಯದ ಮಡಿಯೇ ತುಸು ಮುಂದಿದೆ. ಒಂದು ತೋಟದ ಒಂದು ಜೋಡಿ ಮಡಿ ನೋಡಿ ಲೋಕದ ಮಣ್ಣಿಗೆಲ್ಲ ತೀರ್ಪು ಕೊಡಲಾಗದು. ಆದರೂ ಅಲ್ಲಿ ಅಗೆತದ ದುಡಿಮೆಗೆ ತಕ್ಕ ಫಲ ಸಿಗಲಿಲ್ಲ ಎಂಬುದನ್ನು ತಕ್ಕಡಿಯೇ ಹೇಳಿದೆ. ಅದು ದೊಡ್ಡ ಮಾತು.

ಕಾರಣವೂ ಸ್ಪಷ್ಟ. ಮಣ್ಣು ತಿರುವಿದಾಗ ಎರೆಹುಳುವಿನ ಬಿಲಗಳು ಕುಸಿಯುತ್ತವೆ, ಬೇರಿಗೆ ಅಂಟಿ ಬದುಕುವ ಶಿಲೀಂಧ್ರದ ಎಳೆಗಳು ಹರಿಯುತ್ತವೆ, ಆಳದಲ್ಲಿ ಮಲಗಿದ್ದ ಕಳೆಬೀಜ ಬೆಳಕು ಕಂಡು ಮೊಳೆಯುತ್ತದೆ. ಮೇಲೆ ಗೊಬ್ಬರ ಹರಡಿ ಬಿಟ್ಟರೆ ಅದನ್ನು ಕೆಳಗಿಳಿಸುವ ಕೆಲಸವನ್ನು ಎರೆಹುಳುಗಳೇ ಮಾಡುತ್ತವೆ.

ನನ್ನ ತಕರಾರು ಇರುವುದು ಗೊಬ್ಬರದ ಲೆಕ್ಕದಲ್ಲಿ. ಹುಲ್ಲು ಬೆಳೆದ ನೆಲಕ್ಕೆ ರಟ್ಟು ಹಾಸಿ, ಅದರ ಮೇಲೆ ಅರ್ಧ ಅಡಿ ಗೊಬ್ಬರ ಹರಡಿ ಮಡಿ ಶುರುಮಾಡಿ ಎನ್ನುತ್ತಾರೆ ಈ ಪದ್ಧತಿಯವರು. ಒಂದು ಚದರ ಮೀಟರಿಗೆ 15 ಸೆಂಟಿಮೀಟರ್ ದಪ್ಪವೆಂದರೆ 150 ಲೀಟರ್. ಹತ್ತು ಚದರ ಮೀಟರಿನ ಪುಟ್ಟ ಹಿತ್ತಲಿಗೆ 1,500 ಲೀಟರ್. ಅಡುಗೆಮನೆಯ ಸಿಪ್ಪೆಯಿಂದ ಇಷ್ಟು ಗೊಬ್ಬರ ಹುಟ್ಟುವುದಿಲ್ಲ. ಹೊರಗಿನಿಂದ ತರಿಸಲೇಬೇಕು, ಅಂದರೆ ಬೇರೆ ಯಾವುದೋ ನೆಲದ ಸಾರ ನಮ್ಮ ಮಡಿಗೆ ಬಂದು ಸೇರಬೇಕು. ಅಡಿಕೆ ತೋಟದವರಿಗೆ ಇದು ಹಳೆಯ ಸತ್ಯ. ಉತ್ತರ ಕನ್ನಡದಲ್ಲಿ ಒಂದೆಕರೆ ತೋಟಕ್ಕೆ ಸೊಪ್ಪು, ತರಗೆಲೆ ತರಲು 9 ಎಕರೆವರೆಗೂ ಸೊಪ್ಪಿನಬೆಟ್ಟ ಬಿಟ್ಟುಕೊಟ್ಟಿದ್ದು ತೋಟದ ಹೊಟ್ಟೆ ಎಷ್ಟು ದೊಡ್ಡದೆಂದು ಗೊತ್ತಿದ್ದರಿಂದಲೇ. ಜಪಾನಿನ ರೈತ ಮಸನೊಬು ಫುಕುವೋಕಾ ಉಳುಮೆಯ ಜೊತೆಗೆ ಕಾಂಪೋಸ್ಟ್ ಮಾಡುವುದನ್ನೂ ಬಿಟ್ಟರು. ಗದ್ದೆಯ ಹುಲ್ಲನ್ನು ಅದೇ ಗದ್ದೆಗೆ ಹರಡಿ, ಒಂದಿಷ್ಟು ಕೋಳಿಗೊಬ್ಬರ ಚೆಲ್ಲಿದರು. ಹೊರಗಿನ ಆಸರೆಯನ್ನು ಅಳತೆಗೋಲು ಮಾಡಿಕೊಂಡರೆ, ನನ್ನ ಮಟ್ಟಿಗೆ ಫುಕುವೋಕಾ ಮಾದರಿಯೇ ಹೆಚ್ಚು ಪ್ರಾಮಾಣಿಕ. ಮನೆಮುಂದಿನ ತರಗೆಲೆಯನ್ನು ಗುಡಿಸಿ ಸುಡುತ್ತ, ಗೊಬ್ಬರವನ್ನು ಚೀಲಗಟ್ಟಲೆ ಕೊಂಡು ತರುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಕೊಂಡ ಗೊಬ್ಬರದಿಂದ ಇನ್ನೊಂದು ಅಪಾಯವೂ ಉಂಟು. ಹುಲ್ಲುಗಾವಲಿಗೆ ಹೊಡೆದ ಅಮಿನೊಪೈರಾಲಿಡ್ ಎಂಬ ಕಳೆನಾಶಕ ದನ, ಕುದುರೆಗಳ ಹೊಟ್ಟೆ ದಾಟಿ ಸಗಣಿ, ಲದ್ದಿಯಲ್ಲಿ ಉಳಿದು, 2008ರಲ್ಲಿ ಬ್ರಿಟನ್ನಿನ ಎಷ್ಟೋ ಕೈತೋಟಗಳಲ್ಲಿ ಟೊಮೆಟೊ, ಬೀನ್ಸ್, ಆಲೂಗಡ್ಡೆಯ ಎಲೆಗಳು ಮುರುಟಿಹೋದವು. ತಂದ ಗೊಬ್ಬರವನ್ನು ಮೊದಲು ಕುಂಡಕ್ಕೆ ತುಂಬಿ ನಾಲ್ಕು ಬೀನ್ಸ್ ಬೀಜ ಊರಿ ನೋಡುವುದನ್ನು ಅಲ್ಲಿಯವರು ಹಾಗೆ ಕಲಿತರು. ನಾವೂ ಕಲಿಯಬೇಕು. ಹಸಿ ಸಗಣಿಯನ್ನಂತೂ ಮಡಿಯ ಮೇಲೆ ಹರಡಲೇಬಾರದು: ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿಗೆ ರೋಗಾಣು ತಗಲುತ್ತದೆ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವೇ ಆಗಬೇಕು.

ಮುಚ್ಚಿಗೆಯನ್ನು ಆಯಾ ಸೀಮೆಯೇ ನಿರ್ಧರಿಸಬೇಕು. ಡೌಡಿಂಗ್ ಹುಲ್ಲು ಹೊದಿಸುವುದಿಲ್ಲ, ಗೊಬ್ಬರವನ್ನೇ ಹೊದಿಸುತ್ತಾರೆ. ಇಂಗ್ಲೆಂಡಿನ ತೇವದಲ್ಲಿ ಹುಲ್ಲಿನಡಿ ಗೊಂಡೆಹುಳು ಸೇರಿಕೊಳ್ಳುತ್ತದೆ. ನಮ್ಮ ಮಲೆನಾಡಿನ ಮಳೆಗಾಲಕ್ಕೂ ಅದೇ ಎಚ್ಚರ ಬೇಕು, ದಪ್ಪ ತರಗೆಲೆಯಡಿ ಬಸವನಹುಳು ಬೀಡುಬಿಡುತ್ತದೆ. ಬಯಲುಸೀಮೆಯಲ್ಲಿ ಗೊಬ್ಬರವನ್ನು ಬೆತ್ತಲೆ ಬಿಟ್ಟರೆ ಮಾರ್ಚ್ ಬಿಸಿಲಿಗೆ ಒಣಗಿ ಪುಡಿಯಾಗುತ್ತದೆ. ಅಲ್ಲಿ ಅದರ ಮೇಲೆ ತರಗೆಲೆಯೋ ಕಬ್ಬಿನ ರವದಿಯೋ ಇರಲೇಬೇಕು. ಗೆದ್ದಲು ತಿಂದಷ್ಟನ್ನು ಮತ್ತೆ ತುಂಬುತ್ತಿರಬೇಕು. ಮಳೆಹನಿ ಬಡಿದು ಹೆಪ್ಪುಗಟ್ಟುವ ಕೆಂಪು ಮಣ್ಣಿಗೆ ಈ ಪದ್ಧತಿಯಿಂದ ಸಿಗುವ ದೊಡ್ಡ ಉಪಕಾರ ಮುಚ್ಚಿಗೆಯೇ ಹೊರತು ಗುದ್ದಲಿ ಬಿಟ್ಟಿದ್ದಲ್ಲ.

ಜೇಕಿನ ಗೆಡ್ಡೆ ತುಂಬಿದ ನೆಲದಲ್ಲಿ ಮಾತ್ರ ನಾನು ಗುದ್ದಲಿಯ ಪರ. ಅದರ ಸೂಜಿಮೊನೆ ರಟ್ಟನ್ನೇ ತೂರಿ ಬರುತ್ತದೆ. ಅಂಥಲ್ಲಿ ಒಂದು ಸಲ ಅಗೆದು ಗೆಡ್ಡೆ ಆರಿಸಿ, ಆಮೇಲೆ ನೆಲ ಮುಚ್ಚಬೇಕು. ಹೊಸದಾಗಿ ಶುರುಮಾಡುವವರಿಗೆ ಬದನೆ, ಮೆಣಸಿನಕಾಯಿ, ಬಸಳೆ, ಒಂದೆರಡು ಪಪ್ಪಾಯಿ, ಬಾಳೆ ಇಷ್ಟಕ್ಕೆ ಮನೆಯ ಗೊಬ್ಬರ ಎಷ್ಟು ಜಾಗ ತುಂಬುವುದೋ ಅಷ್ಟೇ ಮಡಿ ಮೊದಲ ವರ್ಷಕ್ಕೆ ಸಾಕು.